ಕಥೆಯೊಳಗೆ ಸಿಕ್ಕಿಬಿದ್ದ ನೆರೆಮನೆಯಾಕೆ

ಸಿನಿಮಾ ಶುರುವಾಗುವ ಮುಂಚೆ ಪರದೆಯ ಮೇಲೆ ಒಂದು ಸಾಲು ಬರುತ್ತದಲ್ಲ, ಇದರಲ್ಲಿ ಬರುವ ಪಾತ್ರಗಳೆಲ್ಲ ಬರೀ ಕಾಲ್ಪನಿಕ, ಯಾರನ್ನಾದರೂ ಹೋತರೆ ಅದು ಆಕಸ್ಮಿಕ ಅಂತ? ಅದನ್ನು ಓದಿ ನಂಬುವ ಪ್ರೇಕ್ಷಕ ಯಾವ ಟಾಕೀಸಿನಲ್ಲೂ ಸಿಗುವುದಿಲ್ಲ. ಸಾಲು ಹಾಕಿದ್ದಾರೆ ಎಂದರೆ ಒಳಗೆ ಏನೋ ಇದೆ ಎಂದೇ ಅರ್ಥ! ಕಾದಂಬರಿಯ ವಿಷಯವೂ ಅಷ್ಟೆ. ವಾರಪತ್ರಿಕೆಯ ಧಾರಾವಾಹಿಯಲ್ಲಿ ಒಬ್ಬ ಜಿಪುಣ ಸಾಹುಕಾರನೋ, ಬಾಯಿಬಡುಕಿ ಅತ್ತೆಯೋ ಬಂದರೆ ಸಾಕು, ಹೋಟೆಲಿನಲ್ಲಿ ಕಾಫಿ ಆರುವುದರೊಳಗೆ ನಾಲ್ಕು ಜನ ಸೇರಿ ತೀರ್ಪು ಕೊಟ್ಟುಬಿಡುತ್ತಾರೆ: "ಇದು ನಮ್ಮ ಇಂಥವರದೇ ಕಥೆ ಕಣ್ರೀ, ಹೆಸರು ಮಾತ್ರ ಬೇರೆ."

ಬರೆದವರಿಗೆ ಹೆಸರು ಬಂತು, ಪತ್ರಿಕೆಯವರಿಗೆ ಕಾಸು ಬಂತು, ಓದುಗರಿಗೆ ಮಜಾ ಬಂತು. ಸರಿ. ಆದರೆ ಆ "ಇಂಥವರು" ಅನ್ನಿಸಿಕೊಂಡವರಿದ್ದಾರಲ್ಲ, ಮಾರನೆಯ ದಿನ ಅವರು ಬೀದಿಗೆ ಇಳಿಯುವುದು ಹೇಗೆ? ಅಂಗಡಿ ಬಾಗಿಲು ತೆಗೆಯುವುದು ಹೇಗೆ? ಅವರ ಅಹವಾಲು ಕೇಳುವವರು ಯಾರು?

ಅಹವಾಲು ಹೇಳಿಕೊಂಡು, ಅದೂ ಲೋಕಪ್ರಸಿದ್ಧ ಕಾದಂಬರಿಕಾರನ ಎದುರು ನಿಂತು, ಗೆದ್ದುಬಂದ ಹೆಂಗಸೊಬ್ಬಳಿದ್ದಾಳೆ. ನಡೆದದ್ದು 1849ರಲ್ಲಿ, ಲಂಡನ್ನಿನಲ್ಲಿ. ಕಾದಂಬರಿಕಾರರು ಚಾರ್ಲ್ಸ್ ಡಿಕನ್ಸ್. ಆಕೆಯ ಹೆಸರು ಶ್ರೀಮತಿ ಜೇನ್ ಸೀಮೋರ್ ಹಿಲ್.

ಒಂದು ಷಿಲಿಂಗಿನ ಕಂತು

ಆಗ ಡಿಕನ್ಸ್ ಬರೆಯುತ್ತಿದ್ದ ಕಾದಂಬರಿ 'ಡೇವಿಡ್ ಕಾಪರ್‌ಫೀಲ್ಡ್'. ಈಗ ಸಿಗುವ ಹಾಗೆ ಒಂದೇ ದಪ್ಪ ಪುಸ್ತಕವಾಗಿ ಅದು ಮೊದಲು ಬರಲಿಲ್ಲ. ತಿಂಗಳಿಗೊಂದು ಕಂತು, ಮೂವತ್ತೆರಡು ಪುಟ, ಎರಡು ಚಿತ್ರ, ಹಸಿರು ರಕ್ಷಾಪುಟ, ಬೆಲೆ ಒಂದು ಷಿಲಿಂಗು. 1849ರ ಮೇ ತಿಂಗಳಲ್ಲಿ ಶುರುವಾದದ್ದು 1850ರ ನವೆಂಬರಿಗೆ ಮುಗಿಯಿತು. ನಮ್ಮ ಧಾರಾವಾಹಿಗಳ ಅಜ್ಜ ಅನ್ನಿ. ಜನ ಓದುತ್ತಿದ್ದರು, ಓದುಬಾರದವರು ಓದಿಸಿಕೊಂಡು ಕೇಳುತ್ತಿದ್ದರು, ಮುಂದೇನಾಯಿತು ಎಂದು ತಿಂಗಳಿಡೀ ಕಾಯುತ್ತಿದ್ದರು. ಇದರ ಒಂದು ಗುಟ್ಟನ್ನು ನೆನಪಿಟ್ಟುಕೊಳ್ಳಬೇಕು: ಓದುಗರ ಕೈಗೆ ಎಂಟನೆಯ ಕಂತು ಬಂದಾಗ ಹನ್ನೊಂದನೆಯ ಕಂತು ಇನ್ನೂ ಬರೆದವರ ತಲೆಯಲ್ಲೇ ಇರುತ್ತಿತ್ತು. ಕಥೆಯ ದಾರಿ ತಿರುಗಿಸುವುದಕ್ಕೆ ಅವಕಾಶ ಇತ್ತು.

1849ರ ಡಿಸೆಂಬರ್ ಕಂತಿನಲ್ಲಿ ಹೊಸದೊಂದು ಪಾತ್ರ ಕಾಣಿಸಿಕೊಂಡಿತು. ಮಿಸ್ ಮೌಚರ್ ಅಂತ. ತೀರಾ ಕುಳ್ಳಿ. ದೊಡ್ಡ ತಲೆ, ಗಿಡ್ಡ ಕೈಕಾಲು. ಶ್ರೀಮಂತರ ಮನೆಗಳಿಗೆ ಹೋಗಿ ಕೂದಲು ತಿದ್ದಿ, ಸೌಂದರ್ಯದ ಮದ್ದು ಹಚ್ಚಿ, ಊರ ಸುದ್ದಿಯೆಲ್ಲ ಅಲ್ಲಿಂದಿಲ್ಲಿಗೆ ಮುಟ್ಟಿಸಿ ದುಡ್ಡು ಎಣಿಸಿಕೊಂಡು ಹೋಗುವ ಕಸುಬಿನವಳು. ಕಣ್ಣು ಹೊಡೆಯುತ್ತಾಳೆ, ಮೇಜಿನ ಮೇಲೆ ಹತ್ತಿ ನಿಲ್ಲುತ್ತಾಳೆ, ಮಾತಿನಲ್ಲಿ ಮಹಾ ಚಾಲಾಕಿ. ಕಥೆಯಲ್ಲಿ ಸ್ಟಿಯರ್‌ಫೋರ್ತ್ ಎಂಬ ಸಿರಿವಂತ ಪುಂಡ ಒಬ್ಬನಿದ್ದಾನೆ, ಎಮಿಲಿ ಎಂಬ ಬಡ ಮೀನುಗಾರರ ಮನೆಯ ಹುಡುಗಿಯನ್ನು ಕೆಡಿಸುವವನು. ಈ ಮೌಚರ್ ಅವನ ಕಡೆಯವಳು. ಮುಂದೆ ಅವಳನ್ನು ಆ ಕೆಡುಕಿಗೇ ಬಳಸಿಕೊಳ್ಳುವ ಯೋಚನೆ ಡಿಕನ್ಸರಿಗೆ ಇತ್ತೆಂಬುದು ಕಂತು ಓದಿದವರಿಗೆ ಗೊತ್ತಾಗುವಂತಿತ್ತು.

ಜನ ನಕ್ಕರು. ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಬಳಿಯವರು ನಗುವುದರ ಜತೆಗೆ ಬೆರಳೂ ತೋರಿಸಿದರು. ಯಾಕೆಂದರೆ ಅಲ್ಲೇ ಯಾರ್ಕ್ ಗೇಟಿನಲ್ಲಿ ಶ್ರೀಮತಿ ಹಿಲ್ ವಾಸವಾಗಿದ್ದರು. ಅವರೂ ಕುಬ್ಜೆ. ಅವರ ಕಸುಬು ಕಾಲಿನ ಆಣಿ ತೆಗೆಯುವುದು, ಉಗುರು ತಿದ್ದುವುದು. ಅದಕ್ಕಾಗಿ ದೊಡ್ಡವರ ಮನೆಗಳಿಗೆ ಹೋಗಿಬರುವುದು. ಡಿಕನ್ಸರ ಮನೆ ಹತ್ತಿರದಲ್ಲೇ, ಡೆವನ್‌ಷೈರ್ ಟೆರೇಸಿನಲ್ಲಿ. ಇವರು ಅವರನ್ನು ಬೀದಿಯಲ್ಲಿ ನೋಡುತ್ತಿದ್ದರು, ಅವರು ಇವರನ್ನು ನೋಡುತ್ತಿದ್ದರು. ಅಷ್ಟೇ ಪರಿಚಯ. ಅಷ್ಟೇ ಸಾಕಾಯಿತು!

ಈ ಕಸುಬಿನ ನಾಜೂಕು ಸ್ವಲ್ಪ ಯೋಚಿಸಿ. ಬೇರೆಯವರ ಮನೆಯೊಳಗೆ, ಮಲಗುವ ಕೋಣೆಯತನಕ ಹೋಗಿ ಕೂತು ಮಾಡುವ ಕೆಲಸ. ಕೈಗುಣ ಒಂದು ಪಾಲಾದರೆ ನಂಬಿಕೆ ಮೂರು ಪಾಲು. ಈಕೆ ನಮ್ಮ ಮನೆ ಸುದ್ದಿ ಇನ್ನೊಂದು ಮನೆಗೆ ಒಯ್ಯುತ್ತಾಳೆ, ಹೆಣ್ಣುಮಕ್ಕಳಿಗೆ ಕೆಡುಕು ಮಾಡುವವರ ಜತೆ ಸೇರಿದ್ದಾಳೆ ಅಂತ ಒಂದು ಸಲ ಮಾತು ಹಬ್ಬಿದರೆ ಯಾರು ಬಾಗಿಲು ತೆಗೆಯುತ್ತಾರೆ? ಅಂಗಡಿ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೂಕದಲ್ಲಿ ಮೋಸ ಅಂತ ಒಬ್ಬ ಬಾಯಿಬಿಟ್ಟರೆ ಹತ್ತು ವರ್ಷದ ಗಿರಾಕಿ ಎದುರಂಗಡಿಗೆ ಹೋಗಿ ನಿಲ್ಲುತ್ತಾನೆ. ಆಮೇಲೆ ತಕ್ಕಡಿ ಎತ್ತಿ ತೋರಿಸಿ ಏನು ಪ್ರಯೋಜನ?

ಡಿಸೆಂಬರ್ 18ರಂದು ಶ್ರೀಮತಿ ಹಿಲ್ ಡಿಕನ್ಸರಿಗೆ ಕಾಗದ ಬರೆದರು. ಅದರಲ್ಲಿ ಬೈಗುಳ ಇರಲಿಲ್ಲ. ದೇಹದ ಈ ಊನದಿಂದ ಇಷ್ಟು ವರ್ಷ ಸಾಕಷ್ಟು ಅನುಭವಿಸಿದ್ದೇನೆ. ಆದರೆ ನಿಮ್ಮಂಥ ದೊಡ್ಡ ಪ್ರತಿಭಾವಂತರ ಕೈಯಿಂದ ಇದೇ ಮೊದಲು ಎಂಬುದು ಅವರು ಹೇಳಿದ್ದರ ಸಾರ. ರಾತ್ರಿ ನಿದ್ದೆ ಹೋಯಿತು, ಹಗಲು ಕಣ್ಣೀರಿಡುತ್ತ ಕೆಲಸ ಮಾಡುವ ಹಾಗಾಯಿತು ಎಂದರು. ಅಷ್ಟಕ್ಕೇ ಬಿಡಲಿಲ್ಲ, ವಕೀಲರ ಕಡೆಯಿಂದಲೂ ಕಾಗದ ಹೋಯಿತು. ಕುಳ್ಳಿ ಎಂದು ಜನ ಕರೆದ ಹೆಂಗಸು ಇಂಗ್ಲೆಂಡಿನ ಅತಿದೊಡ್ಡ ಲೇಖಕರ ಎದುರು ಎಷ್ಟು ಎತ್ತರಕ್ಕೆ ನಿಂತರು ನೋಡಿ.

ಡಿಕನ್ಸರ ಉತ್ತರ ಅದೇ ದಿನದ ತಾರೀಖಿನದು. ಆ ಮನುಷ್ಯನ ದೊಡ್ಡತನ, ಸಣ್ಣತನ ಎರಡೂ ಅದರಲ್ಲಿದೆ. ನಿಮ್ಮ ರೀತಿನೀತಿಯ ಕೆಲವು ಸಣ್ಣಪುಟ್ಟ ನೆನಪುಗಳಿಗೆ ಸೋತೆ ಎಂದು ಒಪ್ಪಿಕೊಂಡರು. ಆದರೆ ಪಾತ್ರದ ಬಹುಪಾಲು ಬೇರೊಬ್ಬರಿಂದ ಬಂದದ್ದು, ನೀವಲ್ಲ ಎಂದೂ ಸೇರಿಸಿದರು. ಯಾವ ಲೇಖಕನನ್ನು ಹಿಡಿದು ಕೇಳಿದರೂ ಬರುವ ಮಾತು ಇದು. ಮೂಗು ಒಬ್ಬರದು, ಮಾತು ಇನ್ನೊಬ್ಬರದು, ನಡಿಗೆ ಮತ್ತೊಬ್ಬರದು ಅಂತ. ಇರಬಹುದು. ಆದರೆ ಬೀದಿಯ ಜನ ಹಾಗೆ ಪಾಲು ಹಾಕಿ ಲೆಕ್ಕ ಮಾಡುತ್ತಾರೆಯೇ? ಎತ್ತರ ನೋಡಿದರು, ಕಸುಬು ನೋಡಿದರು, ಬೆರಳು ತೋರಿಸಿದರು, ಮುಗಿಯಿತು.

ಡಿಕನ್ಸರು ಕೊಟ್ಟ ಮಾತು ಮಾತ್ರ ಗಟ್ಟಿ. ಪಾತ್ರದ ಉದ್ದೇಶವನ್ನೇ ಬದಲಾಯಿಸುತ್ತೇನೆ, ಓದುಗರ ಮನಸ್ಸಿನಲ್ಲಿ ಅದರ ಬಗ್ಗೆ ಒಳ್ಳೆಯ ಅಭಿಪ್ರಾಯವೇ ಉಳಿಯುವ ಹಾಗೆ ಮಾಡುತ್ತೇನೆ ಎಂದರು. ಕಥೆ ಹೆಣೆದಿರುವ ರೀತಿಯಿಂದಾಗಿ ಕೂಡಲೇ ಆಗದು, ಸ್ವಲ್ಪ ಕಾಯಬೇಕು ಎಂದೂ ತಿಳಿಸಿದರು.

ಮುಂದಿನ ಕಂತಿನಲ್ಲಿ ಮೌಚರ್ ಇಲ್ಲ. ಅದರ ಮುಂದಿನದರಲ್ಲೂ ಇಲ್ಲ. 1850ರ ಮಾರ್ಚ್ ಕಂತಿನಲ್ಲಿ, ಮೂವತ್ತೆರಡನೆಯ ಅಧ್ಯಾಯದಲ್ಲಿ, ಮಳೆಯ ರಾತ್ರಿ, ತನಗಿಂತ ದೊಡ್ಡ ಛತ್ರಿ ಹಿಡಿದುಕೊಂಡು ಆಕೆ ಡೇವಿಡ್ಡನ ಬಾಗಿಲಿಗೆ ಬರುತ್ತಾಳೆ. ಹಿಂದಿನ ಚೆಲ್ಲಾಟ ಮಾಯ. ಎಮಿಲಿಯ ವಿಷಯದಲ್ಲಿ ತನ್ನನ್ನೂ ಮೋಸಗೊಳಿಸಿದರೆಂದು ಬೆಂಕಿಯ ಮುಂದೆ ಕೂತು ಸಂಕಟಪಡುತ್ತಾಳೆ. ಎತ್ತರದ ಜನ ತನ್ನಂಥವರನ್ನು ಆಟದ ಗೊಂಬೆಯ ಹಾಗೆ ಎತ್ತಿ ಆಡಿಸಿ ಬೇಸರವಾದಾಗ ಬಿಸಾಡುತ್ತಾರೆ ಎನ್ನುತ್ತಾಳೆ. ಮೈ ಊನವಾದವರ ಮನಸ್ಸೂ ಊನ ಅಂತ ಸುಮ್ಮಸುಮ್ಮನೆ ಎಣಿಸಬೇಡ ಎಂದು ಡೇವಿಡ್ಡನಿಗೆ ಬುದ್ಧಿ ಹೇಳಿ ಹೋಗುತ್ತಾಳೆ. ಕಥೆಯಲ್ಲಿ ಆ ಮಾತು ಡೇವಿಡ್ಡನಿಗೆ. ನಿಜವಾಗಿ ಯಾರಿಗೆ ಎಂಬುದು ಲಂಡನ್ನಿನಲ್ಲಿ ಇಬ್ಬರಿಗಂತೂ ಗೊತ್ತಿತ್ತು. ಕೊನೆಯ ಕಂತಿನಲ್ಲಿ ಇನ್ನೊಂದು ಬಹುಮಾನ: ಸ್ಟಿಯರ್‌ಫೋರ್ತನ ಕಪಟಿ ಆಳು ಲಿಟಿಮರ್ ವೇಷ ಮರೆಸಿಕೊಂಡು ಪರಾರಿಯಾಗುತ್ತಿದ್ದಾಗ ಅವನ ಕಾಲಿಗೆ ಅಡ್ಡ ಹೋಗಿ, ಏಟು ತಿಂದರೂ ಬಿಡದೆ ಹಿಡಿದುಕೊಟ್ಟವಳು ಇದೇ ಮೌಚರ್!

ಪಂಡಿತರು ಇಂದಿಗೂ ಗೊಣಗುತ್ತಾರೆ, ಪಾತ್ರ ಮಧ್ಯದಲ್ಲಿ ಮುರಿಯಿತು, ಮೊದಲಿನ ಮೌಚರಿಗೂ ಆಮೇಲಿನ ಮೌಚರಿಗೂ ತಾಳೆಯಿಲ್ಲ, ಕಲೆ ಕೆಟ್ಟಿತು ಅಂತ. ಕೆಟ್ಟಿರಲಿ ಬಿಡಿ. ಒಂದು ಅಧ್ಯಾಯಕ್ಕೆ ತೇಪೆ ಬಿದ್ದದ್ದರಿಂದ ಒಬ್ಬಾಕೆಯ ಮಾನಕ್ಕೆ ತೇಪೆ ಬಿತ್ತು.

ಮನೆಯವರನ್ನೂ ಬಿಡಲಿಲ್ಲ

ಡಿಕನ್ಸರಿಗೆ ಇದೊಂದೇ ಸಲ ಕೈ ಜಾರಿದ್ದಲ್ಲ. ಆತ ಕಥೆಗೆ ಜನ ಹುಡುಕಿಕೊಂಡು ದೂರ ಹೋದವರೇ ಅಲ್ಲ. ಮನೆಯಿಂದಲೇ ಶುರು.

ತಂದೆ ಜಾನ್ ಡಿಕನ್ಸ್ ನೌಕಾಪಡೆಯ ಸಂಬಳದ ಕಚೇರಿಯಲ್ಲಿ ಗುಮಾಸ್ತ. ಸಂಬಳ ಇತ್ತು, ಆದರೆ ಖರ್ಚಿಗೆ ಲಗಾಮು ಇರಲಿಲ್ಲ. 1824ರ ಫೆಬ್ರವರಿಯಲ್ಲಿ ಒಬ್ಬ ಬ್ರೆಡ್ಡಿನ ಅಂಗಡಿಯವನಿಗೆ ಕೊಡಬೇಕಾಗಿದ್ದ 40 ಪೌಂಡು ಚಿಲ್ಲರೆ ಬಾಕಿಗಾಗಿ ಮಾರ್ಷಲ್‌ಸೀ ಎಂಬ ಸಾಲಗಾರರ ಜೈಲಿಗೆ ಬಿದ್ದರು. ಆಗಿನ ಕಾನೂನು ಹಾಗಿತ್ತು ಸ್ವಾಮಿ, ಉದ್ರಿ ತೀರಿಸದಿದ್ದರೆ ಜೈಲು! (ಇದನ್ನು ಓದಿ ನಮ್ಮ ಕಿರಾಣಿ ಅಂಗಡಿಯವರು ಆಸೆಪಡುವುದು ಬೇಡ. ಜೈಲಿನಲ್ಲಿ ಕೂತವನು ದುಡಿಯುವುದೂ ಇಲ್ಲ, ಬಾಕಿ ಕೊಡುವುದೂ ಇಲ್ಲ.) ಹನ್ನೆರಡು ವರ್ಷದ ಚಾರ್ಲ್ಸ್ ಥೇಮ್ಸ್ ನದಿ ದಂಡೆಯ ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುವ ಕೂಲಿಗೆ ಸೇರಿದ. ವಾರಕ್ಕೆ ಆರು ಷಿಲಿಂಗು.

ಅದೇ ತಂದೆ ಮುಂದೆ 'ಡೇವಿಡ್ ಕಾಪರ್‌ಫೀಲ್ಡ್'ನಲ್ಲಿ ಮಿಕಾಬರ್ ಮಹಾಶಯರಾದರು: ಸದಾ ಸಾಲ, ಸದಾ ಭಾಷಣ, ಇವತ್ತಲ್ಲ ನಾಳೆ ಏನಾದರೂ ಒದಗಿ ಬಂದೀತು ಎಂಬ ನಂಬಿಕೆ. ಓದಿದವರೆಲ್ಲ ಆ ಮನುಷ್ಯನನ್ನು ಪ್ರೀತಿಸುತ್ತಾರೆ. ಜೈಲಿಗೆ ಹೋಗಿ ತನ್ನನ್ನು ಕೂಲಿಗೆ ತಳ್ಳಿದ ತಂದೆಯನ್ನು ಮಗ ನಗುವಿನಲ್ಲಿ ಕ್ಷಮಿಸಿದ್ದು ಇದು. ಕಾದಂಬರಿ ಮುಗಿದಾಗ ಜಾನ್ ಡಿಕನ್ಸ್ ಬದುಕಿದ್ದರು. ಕಣ್ಣು ಮುಚ್ಚಿದ್ದು 1851ರ ಮಾರ್ಚಿನಲ್ಲಿ.

ತಾಯಿಯದು ಇನ್ನೂ ತಮಾಷೆ. 'ನಿಕೊಲಸ್ ನಿಕಲ್‌ಬಿ'ಯಲ್ಲಿ ಬರುವ ತಲೆಬುಡವಿಲ್ಲದ ಮಾತಿನ ತಾಯಿ ಡಿಕನ್ಸರ ಸ್ವಂತ ತಾಯಿಯೇ. ಆಕೆ ಅದನ್ನು ಓದಿ, ಇಂಥ ಹೆಂಗಸು ಎಲ್ಲಾದರೂ ಇರ್ತಾಳೇನಪ್ಪ ಅಂತ ಮಗನನ್ನೇ ಕೇಳಿದರಂತೆ! ಡಿಕನ್ಸರೇ ಸ್ನೇಹಿತರಿಗೆ ಬರೆದು ನಕ್ಕ ಸಂಗತಿ ಇದು. ಕನ್ನಡಿಯಲ್ಲಿ ಎಲ್ಲರೂ ಪಕ್ಕದವರನ್ನೇ ನೋಡುತ್ತಾರೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ನಗಲಾಗದ್ದೂ ಇದೆ. ಆ ಪಾಲಿಶ್ ಕಾರ್ಖಾನೆಯಲ್ಲಿ ಬಾಬ್ ಫೇಗಿನ್ ಎಂಬ ಹುಡುಗ ಇದ್ದ. ಚಾರ್ಲ್ಸನಿಗಿಂತ ದೊಡ್ಡವ. ಒಂದು ದಿನ ಚಾರ್ಲ್ಸನಿಗೆ ಪಕ್ಕೆನೋವು ಬಂದು ಒದ್ದಾಡುತ್ತಿದ್ದಾಗ ಪಾಲಿಶ್ ಸೀಸೆಗಳಿಗೆ ಬಿಸಿನೀರು ತುಂಬಿ ಅರ್ಧ ದಿನ ಕಾವು ಕೊಟ್ಟ. ಸಂಜೆ ಮನೆತನಕ ಬಿಡುತ್ತೇನೆ ಎಂದು ಜತೆಗೆ ಹೊರಟ. ತಂದೆ ಜೈಲಿನಲ್ಲಿರುವುದನ್ನು ಹೇಳಲು ನಾಚಿಕೆಯಾಗಿ ಚಾರ್ಲ್ಸ್ ಯಾರದೋ ಮನೆಯ ಮುಂದೆ ನಿಂತು ಇದೇ ನಮ್ಮ ಮನೆ ಎಂದು ಸುಳ್ಳು ಹೇಳಿ ಅವನನ್ನು ಸಾಗಹಾಕಿದ. ಉಪಕಾರಕ್ಕೆ ಸಿಕ್ಕಿದ ಪ್ರತಿಫಲ ಏನು? 'ಆಲಿವರ್ ಟ್ವಿಸ್ಟ್'ನಲ್ಲಿ ಅನಾಥ ಹುಡುಗರಿಗೆ ಜೇಬುಗಳ್ಳತನ ಕಲಿಸುವ ಖಳ ಮುದುಕನಿಗೆ ಇಟ್ಟ ಹೆಸರು ಫೇಗಿನ್! ಹೀಗೇಕೆ ಮಾಡಿದರೋ. ಬೆಚ್ಚಗಿನ ಉಪಕಾರ ಮಾಡಿದ ಹುಡುಗ, ಆ ಅವಮಾನದ ದಿನಗಳಿಗೆ ಸಾಕ್ಷಿಯೂ ಆಗಿದ್ದ; ಸಾಕ್ಷಿಯನ್ನು ಮನಸ್ಸು ಕ್ಷಮಿಸುವುದಿಲ್ಲ ಎನ್ನಬೇಕು.

ಆ ಫೇಗಿನ್ ಪಾತ್ರವನ್ನು ಯಹೂದಿ ಎಂದು ಚಿತ್ರಿಸಿ, ಪುಟಪುಟಕ್ಕೂ ಹೆಸರಿನ ಬದಲು ಜಾತಿ ಹಿಡಿದೇ ಕರೆದದ್ದು ಬೇರೊಂದು ತಕರಾರಿಗೆ ದಾರಿಯಾಯಿತು. 1860ರಲ್ಲಿ ಡಿಕನ್ಸರು ತಮ್ಮ ಟ್ಯಾವಿಸ್ಟಾಕ್ ಹೌಸ್ ಮನೆಯನ್ನು ಡೇವಿಸ್ ಎಂಬ ಯಹೂದಿ ಗೃಹಸ್ಥರಿಗೆ ಮಾರಿದ್ದರು. ಅವರ ಪತ್ನಿ ಎಲೈಜಾ ಡೇವಿಸ್ 1863ರಲ್ಲಿ ಕಾಗದ ಬರೆದು, ನೀವು ನಮ್ಮ ಜನಕ್ಕೆ ದೊಡ್ಡ ಅನ್ಯಾಯ ಮಾಡಿದ್ದೀರಿ ಎಂದು ನೇರವಾಗಿ ತಿಳಿಸಿದರು. ಡಿಕನ್ಸರು ಮೊದಲು ಸಮರ್ಥಿಸಿಕೊಂಡರು. ಆಮೇಲೆ ಮನಸ್ಸಿಗೆ ನಾಟಿರಬೇಕು. 1864-65ರ 'ಅವರ್ ಮ್ಯೂಚುಯಲ್ ಫ್ರೆಂಡ್'ನಲ್ಲಿ ರಾಯಾ ಎಂಬ ಸಾಧು ಯಹೂದಿ ಮುದುಕ ಬಂದ. 1867ರಲ್ಲಿ 'ಆಲಿವರ್ ಟ್ವಿಸ್ಟ್' ಮರುಮುದ್ರಣವಾದಾಗ ಆ ಜಾತಿ ಹಿಡಿದು ಕರೆದ ಕಡೆಗಳನ್ನು ಎಷ್ಟೋ ಸಾಲುಗಳಲ್ಲಿ ಹೊಡೆದುಹಾಕಿದರು. ಎಲೈಜಾ ಡೇವಿಸ್ ಅವರಿಗೆ ಹೀಬ್ರೂ ಬೈಬಲ್ ಒಂದನ್ನು ಕಾಣಿಕೆಯಾಗಿ ಕಳಿಸಿದರು. ಕಾಗದ ಬರೆಯುವ ಹೆಂಗಸರ ಮುಂದೆ ಡಿಕನ್ಸರ ಆಟ ಅಷ್ಟಾಗಿ ನಡೆಯಲಿಲ್ಲ ಎಂದಾಯಿತು.

ಒಬ್ಬಾಕೆಯ ಕಾಗದ ಮಾತ್ರ ತಿರುಗುಬಾಣವಾಯಿತು. ಬ್ಯಾಂಕಿನವರ ಮಗಳು ಮರಿಯಾ ಬೀಡ್ನೆಲ್. ಹರೆಯದ ಡಿಕನ್ಸ್ ಆಕೆಗಾಗಿ ಮೂರು ವರ್ಷ ಹುಚ್ಚನಂತಾಗಿದ್ದರು. ಕೈ ತಪ್ಪಿತು. 'ಡೇವಿಡ್ ಕಾಪರ್‌ಫೀಲ್ಡ್'ನ ಮುದ್ದು ಡೋರಾ ಆಕೆಯೇ. 1855ರಲ್ಲಿ, ಇಬ್ಬರಿಗೂ ಮದುವೆಯಾಗಿ ಮಕ್ಕಳಾದ ಮೇಲೆ, ಆಕೆಯ ಕಾಗದ ಬಂತು. ಹಳೆಯ ಬೆಂಕಿ ಹೊತ್ತಿಕೊಂಡಿತು. ನಾನು ಈಗ ಮುಂಚಿನ ಹಾಗಿಲ್ಲ, ದಪ್ಪಗಾಗಿದ್ದೇನೆ, ಹಲ್ಲು ಹೋಗಿದೆ ಎಂದು ಆಕೆ ಮೊದಲೇ ಎಚ್ಚರಿಸಿದ್ದರು, ಪಾಪ. ಡಿಕನ್ಸರು ನಂಬಲಿಲ್ಲ. ಭೇಟಿಯಾಯಿತು, ಭ್ರಮೆ ಇಳಿಯಿತು. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಮುಂದಿನ ಕಾದಂಬರಿ 'ಲಿಟಲ್ ಡಾರಿಟ್'ನಲ್ಲಿ ಫ್ಲೋರಾ ಎಂಬ ಸ್ಥೂಲ ನಡುವಯಸ್ಸಿನ ಹೆಂಗಸು ಬಂದು ಹದಿನೆಂಟರ ಹುಡುಗಿಯಂತೆ ವಯ್ಯಾರ ಮಾಡಿ ಜಗತ್ತನ್ನು ನಗಿಸಿದಳು. ಫ್ಲೋರಾ ಒಳ್ಳೆಯ ಮನಸ್ಸಿನವಳು ಎಂದೇನೋ ಬರೆದಿದ್ದಾರೆ. ಆದರೂ ನಂಬಿ ಬಂದವಳಿಗೆ ಮಾಡಿದ್ದು ಸರಿಯಲ್ಲ.

ಏಟು ಬೀಳಬೇಕಾದವನಿಗೇ ಬಿದ್ದಾಗ

ಹಾಗಂತ ಪಾತ್ರವಾದವರೆಲ್ಲ ಬಡಪಾಯಿಗಳೆಂದು ತಿಳಿಯಬೇಡಿ. ಇಂಗ್ಲೆಂಡಿನ ಉತ್ತರದ ಯಾರ್ಕ್‌ಷೈರಿನಲ್ಲಿ ಆಗ ಅಗ್ಗದ ಬೋರ್ಡಿಂಗ್ ಶಾಲೆಗಳಿದ್ದವು. ವರ್ಷಕ್ಕೆ ಇಷ್ಟು ಅಂತ ಕಟ್ಟಿದರೆ ಊಟ, ಬಟ್ಟೆ, ಪಾಠ ಎಲ್ಲ ಸೇರಿ. ರಜೆಯೇ ಇಲ್ಲ ಎಂದು ಜಾಹೀರಾತು. ರಜೆಯಿಲ್ಲ ಎಂಬುದೇ ದೊಡ್ಡ ಆಕರ್ಷಣೆ! ಮನೆಗೆ ಬೇಡವಾದ ಮಕ್ಕಳನ್ನು, ಮಲಮಕ್ಕಳನ್ನು, ಗುಟ್ಟಾಗಿ ಹುಟ್ಟಿದ ಮಕ್ಕಳನ್ನು ಅಲ್ಲಿ ತಂದು ಬಿಟ್ಟರೆ ಮತ್ತೆ ಮುಖ ನೋಡಬೇಕಾಗಿರಲಿಲ್ಲ. ಬೌಸ್ ಎಂಬ ಹಳ್ಳಿಯಲ್ಲಿ ಅಂಥ ಶಾಲೆ ನಡೆಸುತ್ತಿದ್ದವನು ವಿಲಿಯಂ ಷಾ. 1823ರಲ್ಲಿ ಅಲ್ಲಿದ್ದ ಹುಡುಗರು ಕೊಳಕಿನಲ್ಲಿ, ಆರೈಕೆಯಿಲ್ಲದೆ, ಕಣ್ಣು ಕಳೆದುಕೊಂಡರೆಂದು ಹೆತ್ತವರು ಕೋರ್ಟಿಗೆ ಹೋದರು. ಷಾ ಪರಿಹಾರ ಕಟ್ಟಿದ. ಕಟ್ಟಿ, ಶಾಲೆಯನ್ನು ಮಾತ್ರ ಹಾಗೇ ನಡೆಸಿದ!

1838ರ ಚಳಿಗಾಲದಲ್ಲಿ ಡಿಕನ್ಸರು ಚಿತ್ರಕಾರ ಹ್ಯಾಬ್ಲಟ್ ಬ್ರೌನ್‌ರನ್ನು ಕಟ್ಟಿಕೊಂಡು ಕುದುರೆಗಾಡಿಯಲ್ಲಿ ಅಲ್ಲಿಗೆ ಹೋದರು. ವಿಧವೆಯೊಬ್ಬಳ ಮಗನಿಗೆ ಶಾಲೆ ಹುಡುಕುತ್ತಿದ್ದೇವೆ ಎಂಬ ನೆಪ, ನಿಜ ಹೆಸರು ಮರೆಮಾಚಿ. ಬೌಸ್ ಚರ್ಚಿನ ಅಂಗಳದಲ್ಲಿ, ಹಿಮದ ನಡುವೆ, ಷಾನ ಶಾಲೆಯಲ್ಲಿ ಹತ್ತೊಂಬತ್ತನೆಯ ವಯಸ್ಸಿಗೆ ಸತ್ತ ಹುಡುಗನೊಬ್ಬನ ಗೋರಿಕಲ್ಲು ಕಂಡಿತು. 'ನಿಕೊಲಸ್ ನಿಕಲ್‌ಬಿ'ಯ ನತದೃಷ್ಟ ಹುಡುಗ ಸ್ಮೈಕ್ ಹುಟ್ಟಿದ್ದು ಆ ಕಲ್ಲಿನ ಮುಂದೆ ಎಂದು ಡಿಕನ್ಸರೇ ಹೇಳಿದ್ದಾರೆ. ಷಾ ಆ ಕಾದಂಬರಿಯ ಕ್ರೂರಿ ಮೇಷ್ಟ್ರು ಸ್ಕ್ವೀರ್ಸ್ ಆದ. ಸ್ಕ್ವೀರ್ಸನಿಗೆ ಒಂದೇ ಕಣ್ಣು. ಷಾನ ಕಣ್ಣಿನಲ್ಲೂ ದೋಷ ಇತ್ತು. ವಿಲಿಯಂ ಷಾ, ವ್ಯಾಕ್‌ಫರ್ಡ್ ಸ್ಕ್ವೀರ್ಸ್: ಇಂಗ್ಲಿಷಿನಲ್ಲಿ ಇಬ್ಬರ ಇನಿಷಿಯಲ್ಲೂ ಒಂದೇ.

ಕಾದಂಬರಿ ಬಂದ ಮೇಲೆ ಯಾರ್ಕ್‌ಷೈರಿನಲ್ಲಿ ಒಬ್ಬರಲ್ಲ, ಹಲವರು ಮೇಷ್ಟ್ರುಗಳು ಇದು ನನ್ನ ಮೇಲೇ ಬರೆದದ್ದು ಅಂತ ಕೂಗಾಡಿದರು, ಒಬ್ಬರು ವಕೀಲರ ಮನೆಗೂ ಹೋದರು ಎಂದು ಡಿಕನ್ಸರು ಮುನ್ನುಡಿಯಲ್ಲಿ ಚುಚ್ಚಿದ್ದಾರೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವರು! ಆ ಶಾಲೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಷಾ ಅಷ್ಟೊಂದು ಕೆಟ್ಟವನಲ್ಲ, ಅವನಿಗಿಂತ ಕೆಟ್ಟವರಿದ್ದರು ಎಂದು ವಾದಿಸುವವರು ಆಮೇಲೂ ಇದ್ದರು. ಇರಬಹುದು. ಆದರೆ ಕುರುಡಾದ ಹುಡುಗರ ಕೇಸು ಕಥೆಯಲ್ಲ, ಕೋರ್ಟಿನ ದಾಖಲೆ.

ಶ್ರೀಮತಿ ಹಿಲ್‌ಗೂ ಷಾಗೂ ಇರುವ ವ್ಯತ್ಯಾಸ ಇಲ್ಲಿ ಕಣ್ಣಿಗೆ ಹೊಡೆಯುತ್ತದೆ. ಆಕೆಯಿಂದ ಲೇಖಕರು ತೆಗೆದುಕೊಂಡದ್ದು ಆಕೆಯ ಮೈಯನ್ನು, ಕಸುಬನ್ನು. ತಪ್ಪನ್ನು ಮಾತ್ರ ತಾವೇ ಕೈಯಿಂದ ಹಾಕಿದರು. ಷಾನಿಂದ ತೆಗೆದುಕೊಂಡದ್ದು ಅವನ ತಪ್ಪನ್ನೇ.

ನಮ್ಮ ಕಡೆಯ ಮಾದರಿಗಳು

ನಮ್ಮ ಸೀಮೆಯಲ್ಲೂ ಈ ಬಗೆಯ ಕಥೆಗಳಿಗೆ ಬರವಿಲ್ಲ. ಮೈಸೂರಿನ ಆರ್.ಕೆ. ನಾರಾಯಣ್ ಇಂಗ್ಲಿಷಿನಲ್ಲಿ ಬರೆದವರಾದರೂ ಅವರ ಜನ ನಮ್ಮವರೇ. 1941ರಲ್ಲಿ 'ಇಂಡಿಯನ್ ಥಾಟ್' ಎಂಬ ತ್ರೈಮಾಸಿಕ ಹೊರಡಿಸಿದರು. ಮೂರು ಸಂಚಿಕೆಗೆ ನಿಂತುಹೋಯಿತು. ಪತ್ರಿಕೆ ಉಳಿಯಲಿಲ್ಲ, ಆದರೆ ಅದನ್ನು ಅಚ್ಚು ಹಾಕಿಕೊಟ್ಟ ಮೈಸೂರಿನ ಮುದ್ರಕರು ಉಳಿದರು: 1949ರ 'ಮಿಸ್ಟರ್ ಸಂಪತ್' ಕಾದಂಬರಿಯ ಮಾತಿನಮಲ್ಲ ಪ್ರೆಸ್ ಮಾಲೀಕರಾಗಿ. 1952ರಲ್ಲಿ ಜೆಮಿನಿಯವರು ಅದನ್ನು ಹಿಂದಿ ಸಿನಿಮಾ ಮಾಡಿದಾಗ ಆ ಪಾತ್ರಕ್ಕೆ ಮೋತಿಲಾಲ್ ಬಣ್ಣ ಹಚ್ಚಿದರು. ಅಚ್ಚುಮೊಳೆಯ ನಡುವೆ ಓಡಾಡುತ್ತಿದ್ದ ಆಸಾಮಿ ಊರೂರಿನ ಬೆಳ್ಳಿತೆರೆಗೆ ಹೋದ ಹಾಗಾಯಿತು.

ನಾರಾಯಣರ ಇನ್ನೊಂದು ಕಾದಂಬರಿ 'ದಿ ಇಂಗ್ಲಿಷ್ ಟೀಚರ್' ಮಾತ್ರ ತಮಾಷೆಯದಲ್ಲ. ಅವರ ಪತ್ನಿ ರಾಜಂ 1939ರಲ್ಲಿ ಟೈಫಾಯಿಡ್‌ನಿಂದ ತೀರಿಕೊಂಡರು. ಮದುವೆಯಾಗಿ ಐದೇ ವರ್ಷ; ಪುಟ್ಟ ಮಗಳು ಮನೆಯಲ್ಲಿ. 1945ರಲ್ಲಿ ಬಂದ ಆ ಪುಸ್ತಕದ ಸುಶೀಲೆ ರಾಜಂ ಅವರೇ, ಅದರಲ್ಲಿ ಕಟ್ಟುಕಥೆ ಬಹಳ ಕಡಿಮೆ ಎಂದು ನಾರಾಯಣ್ ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದರು.

ಎಸ್.ಎಲ್. ಭೈರಪ್ಪನವರ 'ಗೃಹಭಂಗ'ವೂ (1970) ಈ ಜಾತಿಯದೇ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿ, ಪ್ಲೇಗಿನಲ್ಲಿ ಮನೆಯವರನ್ನು ಕಳೆದುಕೊಂಡು ಬೆಳೆದ ಹುಡುಗ ಅವರು. ಕೈಲಾಗದ ಗಂಡನ ಶ್ಯಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು ಸಂಸಾರ ಎಳೆಯುವ ಆ ಕಾದಂಬರಿಯ ನಂಜಮ್ಮನ ಹಿಂದೆ ಇರುವುದು ಅವರ ತಾಯಿ ಗೌರಮ್ಮ. 1996ರಲ್ಲಿ ಬಂದ ಆತ್ಮವೃತ್ತಾಂತ 'ಭಿತ್ತಿ' ಓದಿದವರಿಗೆ ಯಾವ ಕಂಬ ಯಾವ ಮನೆಯದೆಂದು ಗುರುತು ಹತ್ತುತ್ತದೆ. ಭೈರಪ್ಪನವರು 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಎಂದೋ ಹೋದ ಆ ತಾಯಿಯನ್ನು ಜನ ಇಂದಿಗೂ ನಂಜಮ್ಮ ಎಂಬ ಹೆಸರಿನಲ್ಲಿ ನೆನೆಯುತ್ತಿದ್ದಾರೆ. ಇಂಥ ಕಡೆ ತಕರಾರು ತೆಗೆಯುವವರು ಯಾರು? ಪಾತ್ರವಾದವರು ಹೋಗಿಯಾಗಿತ್ತು, ಬರೆದವರು ಅವರ ಋಣ ತೀರಿಸುತ್ತಿದ್ದರು.

ಬದುಕಿರುವವರ ಮಾತು ಬೇರೆ. ಮೊದಲಿಗೆ ಹೇಳಿದ ಆ ಸಿನಿಮಾ ಸಾಲು ಹುಟ್ಟಿದ್ದೇ ಬದುಕಿದ್ದ ಒಬ್ಬಾಕೆಯಿಂದ ಎನ್ನುತ್ತಾರೆ. ರಷ್ಯದ ರಾಸ್ಪುಟಿನ್ ಕಥೆಯನ್ನು ಅಮೆರಿಕದ ಎಂಜಿಎಂ ಕಂಪನಿ 1932ರಲ್ಲಿ ಸಿನಿಮಾ ಮಾಡಿತು. ಅದರಲ್ಲಿ ನತಾಷಾ ಎಂಬ ರಾಜಕುಮಾರಿಯ ಮಾನ ಹೋದಂತೆ ತೋರಿಸಿದ್ದರು. ಆ ನತಾಷಾ ನಾನೇ ಎಂದು ಜನ ತಿಳಿಯುತ್ತಾರೆ ಎಂದು ರಾಸ್ಪುಟಿನ್‌ನನ್ನು ಕೊಂದ ಯೂಸುಪೋವ್‌ನ ಹೆಂಡತಿ ಇರೀನಾ ಲಂಡನ್ ಕೋರ್ಟಿನಲ್ಲಿ ದಾವಾ ಹೂಡಿದರು. 1934ರಲ್ಲಿ ಗೆದ್ದರು. ಪರಿಹಾರ 25,000 ಪೌಂಡು! ಆಮೇಲೆ ಕಂಪನಿಗಳಿಗೆ "ಎಲ್ಲವೂ ಕಾಲ್ಪನಿಕ" ಎಂಬ ಜ್ಞಾನೋದಯವಾಯಿತು.

ಕೋರ್ಟಿಗೆ ಹೋಗದವರು

ಕೋರ್ಟೂ ಬೇಡ, ವಕೀಲರೂ ಬೇಡ ಎಂದು ಸುಮ್ಮನಿದ್ದವರ ಪಾಡೇನು ಎಂಬುದಕ್ಕೆ ಮತ್ತೆ ಡಿಕನ್ಸರ ಬಳಿಗೇ ಬರಬೇಕು. ಲೀ ಹಂಟ್ ಎಂಬ ಹಿರಿಯ ಕವಿ, ಪತ್ರಕರ್ತ. ಕೀಟ್ಸ್, ಷೆಲ್ಲಿಯವರ ಗೆಳೆಯ. ಯುವರಾಜನನ್ನು ಪತ್ರಿಕೆಯಲ್ಲಿ ಟೀಕಿಸಿದ್ದಕ್ಕೆ 1813ರಿಂದ ಎರಡು ವರ್ಷ ಜೈಲುವಾಸ ಮಾಡಿಬಂದ ಗಟ್ಟಿಗ. ಮನೆ ತುಂಬ ಮಕ್ಕಳು, ತಲೆ ತುಂಬ ಸಾಲ, ದುಡ್ಡಿನ ವ್ಯವಹಾರ ಮಾತ್ರ ಸೊನ್ನೆ. ಡಿಕನ್ಸರಿಗೆ ಆತನ ಮೇಲೆ ಪ್ರೀತಿಯೇ ಇತ್ತು. 1847ರಲ್ಲಿ ಆತನ ಸಹಾಯಾರ್ಥ ತಾವೇ ನಾಟಕ ಕಟ್ಟಿ, ಮ್ಯಾಂಚೆಸ್ಟರ್, ಲಿವರ್‌ಪೂಲ್ ಊರುಗಳಲ್ಲಿ ಆಡಿ ಹಣ ಕೂಡಿಸಿಕೊಟ್ಟಿದ್ದರು.

ಅದೇ ಡಿಕನ್ಸರು 1852ರಲ್ಲಿ ಶುರುಮಾಡಿದ 'ಬ್ಲೀಕ್ ಹೌಸ್'ನಲ್ಲಿ ಸ್ಕಿಂಪೋಲ್ ಎಂಬೊಬ್ಬನನ್ನು ತಂದರು. ಸಿಹಿ ಮಾತು, ಸಂಗೀತ, ಹೂವು, ಹಣ್ಣು. ದುಡ್ಡಿನ ವಿಷಯ ಬಂದರೆ ನಾನು ಬರೀ ಮಗು ಎನ್ನುತ್ತ ಸ್ನೇಹಿತರ ತಲೆ ಮೇಲೆ ಬದುಕುವ ಪರಾವಲಂಬಿ. ಅಷ್ಟೇ ಅಲ್ಲ, ಜ್ವರದಿಂದ ನರಳುವ ಅನಾಥ ಹುಡುಗ ಜೋನನ್ನು ಲಂಚದ ನೋಟಿಗೆ ಪತ್ತೇದಾರನ ಕೈಗೆ ಹಿಡಿದುಕೊಡುವ ನೀಚ. ಕರಡು ಓದಿದ ಸ್ನೇಹಿತರು ಗಾಬರಿಯಾಗಿ, ಇದು ಹಂಟ್ ಅಂತ ಎಲ್ಲರಿಗೂ ಗೊತ್ತಾಗುತ್ತೆ ಎಂದರು. ಡಿಕನ್ಸರು ಲಿಯೊನಾರ್ಡ್ ಎಂದಿದ್ದ ಹೆಸರನ್ನು ಹೆರಾಲ್ಡ್ ಮಾಡಿದರು, ಅಲ್ಲಲ್ಲಿ ತಿದ್ದಿದರು. ಎತ್ತರದ ಹಂಟ್‌ಗೆ ಬದಲು ಚಿತ್ರದಲ್ಲಿ ಕುಳ್ಳನನ್ನು ಬರೆಸಿದರು. ಇತ್ತ 1853ರ ಸೆಪ್ಟೆಂಬರಿನಲ್ಲಿ ಪರಿಚಯದ ಹೆಂಗಸೊಬ್ಬರಿಗೆ ಬರೆದ ಕಾಗದದಲ್ಲಿ, ಮಾತಿನಲ್ಲಿ ಇಷ್ಟು ನಿಖರವಾದ ಭಾವಚಿತ್ರ ಯಾರೂ ಬರೆದಿರಲಾರರು, ಅಸಲಿನಂತೆಯೇ ಇದೆ ಎಂದು ಹೆಮ್ಮೆಪಟ್ಟುಕೊಂಡರು!

ಹಂಟ್‌ಗೆ ಮೊದಲು ತಿಳಿಯಲೇ ಇಲ್ಲ. ಓದಿದವರು ಬಂದು ಹೇಳಿದ ಮೇಲೆ ತಿಳಿಯಿತು. ವಕೀಲರ ನೋಟಿಸು ಕಳಿಸುವ ಜಾಯಮಾನ ಆತನದಲ್ಲ. ಡಿಕನ್ಸರು ಸಮಾಧಾನದ ಮಾತು ಬರೆದು, ಅದು ನೀವಲ್ಲ ಎಂದರು. ಖಾಸಗಿ ಕಾಗದದಲ್ಲಿ ಹೇಳಿದ್ದು ಅಷ್ಟೆ, ಊರು ಓದುವಂತೆ ಏನೂ ಬರೆಯಲಿಲ್ಲ. ಸ್ಕಿಂಪೋಲನಿಗೆ ಮೌಚರಳಂತೆ ಮಳೆಯ ರಾತ್ರಿ ಬಾಗಿಲು ತಟ್ಟುವ ಭಾಗ್ಯವೂ ಬರಲಿಲ್ಲ. ಮುದುಕ ಆರು ವರ್ಷ ಆ ಹೆಸರು ಹೊತ್ತುಕೊಂಡೇ ತಿರುಗಿದರು. 1859ರ ಆಗಸ್ಟ್ 28ರಂದು ತೀರಿಕೊಂಡರು.

ಮಗ ಥಾರ್ನ್‌ಟನ್ ಹಂಟ್ ತಂದೆಯ ಆತ್ಮಕಥೆಯ ಹೊಸ ಮುದ್ರಣ ತಂದಾಗ, ಡಿಕನ್ಸರು ತಮ್ಮ ಪತ್ರಿಕೆ 'ಆಲ್ ದಿ ಇಯರ್ ರೌಂಡ್'ನಲ್ಲಿ ಲೇಖನ ಬರೆದರು. ಹಂಟರಿಂದ ತೆಗೆದುಕೊಂಡದ್ದು ಮಾತಿನ ಸೊಗಸನ್ನು ಮಾತ್ರ, ಸ್ಕಿಂಪೋಲನ ದುರ್ಗುಣಗಳಿಗೂ ಆ ಸಜ್ಜನರಿಗೂ ಸಂಬಂಧವೇ ಇಲ್ಲ ಎಂದು ಎಲ್ಲರಿಗೂ ಕೇಳುವಂತೆ ಸಾರಿದರು. ಲೇಖನ ಅಚ್ಚಾಗಿ ಬಂದದ್ದು ಡಿಸೆಂಬರ್ 24ಕ್ಕೆ. ಹಂಟ್ ಹೋಗಿ ನಾಲ್ಕು ತಿಂಗಳಾಗುತ್ತ ಬಂದಿತ್ತು.